ಮೆಟ್ಟಿಲ ಮೇಲಿಟ್ಟ ಕೆಟ್ಟ ಬ್ರೇಕು

ನಮ್ಮ ಓಣಿಯಲ್ಲಿ ಸೈಕಲ್ಲಿನ ಬಿಡಿಭಾಗ ಬಿಟ್ಟರೆ ಬೇರೇನೂ ತಯಾರಾಗುವುದಿಲ್ಲ. ಇದು ಯಾವ ಮಹನೀಯರ ದೂರದೃಷ್ಟಿಯ ಫಲವೂ ಅಲ್ಲ, ಶುದ್ಧ ಜಗಳದ ಫಲ. ಮೊದಲು ಇದ್ದದ್ದು ಒಂದೇ ರಿಪೇರಿ ಅಂಗಡಿ. ಅಲ್ಲಿ ಕೆಲಸ ಕಲಿತವನು ಯಜಮಾನನ ಮೇಲೆ ಮುನಿಸಿಕೊಂಡು ಎದುರಿಗೇ ಅಂಗಡಿ ತೆರೆದ. ಅವನ ಮೇಲೆ ಸಿಟ್ಟಾದವನು ಪಕ್ಕದಲ್ಲಿ. ದೂರ ಹೋದರೆ ಹೊಟ್ಟೆ ಉರಿಸುವುದು ಹೇಗೆ? ಒಬ್ಬರ ಮುಖ ಒಬ್ಬರು ನೋಡಲಾರದವರೆಲ್ಲ ಹೀಗೆ ಗೋಡೆಗೆ ಗೋಡೆ ತಾಗಿಸಿಕೊಂಡು ಕೂತರು. ಇಷ್ಟು ಗಿರಾಕಿಗಳು ಒಂದೇ ಕಡೆ ಸಿಗುತ್ತಾರೆಂದು ಸ್ಪ್ರಿಂಗ್ ಸುತ್ತುವವರು ಬಂದರು, ರಬ್ಬರ್ ಕತ್ತರಿಸುವವರೂ ಬಂದರು.

ಇಲ್ಲೊಂದು ಪದ್ಧತಿಯಿದೆ. ಕೆಟ್ಟುಹೋದ ಮಾಲನ್ನು ಎಸೆಯದೆ ಅಂಗಡಿಯ ಮೆಟ್ಟಿಲ ಮೇಲಿಡುತ್ತಾರೆ. ಹೋಗಿಬರುವವರು ಎತ್ತಿ ನೋಡಿ ಮೊದಲು ನಗುತ್ತಾರೆ, ಆಮೇಲೆ ತಪ್ಪು ಎಲ್ಲಿದೆಯೆಂದು ಹೇಳುತ್ತಾರೆ.

ಬ್ರೇಕ್ ತಯಾರಿಸುವ ನಮ್ಮ ಬ್ರೇಕ್ ಮಾಮನಿಗೆ ಇದೇ ಸಹಿಸಲಾಗದಾಯಿತು. "ಇಲ್ಲಿ ಸೀನಿದ್ರೂ ನಾಲ್ಕು ಜನ ಬಂದು, ಹೀಗಲ್ಲ ಕಣೋ, ಹಾಗೆ ಸೀನು ಅಂತಾರೆ!" ಎಂದು ಊರಾಚೆಯ ಹೊಸ ಕೈಗಾರಿಕಾ ಬಡಾವಣೆಯಲ್ಲಿ ದೊಡ್ಡ ಶೆಡ್ ಹಿಡಿದ. ತಿರುಗುವ ಕುರ್ಚಿ ಬಂತು, 'ವ್ಯವಸ್ಥಾಪಕ ನಿರ್ದೇಶಕರು' ಎಂಬ ಫಲಕ ಬಂತು. ನಿರ್ದೇಶಿಸಲು ಇದ್ದದ್ದು ಒಂದು ಲೇತ್ ಯಂತ್ರ.

ಅದೇ ಹೊತ್ತಿಗೆ ಅವನ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ತಬ್ಬಲಿ ತಮ್ಮನನ್ನು ಸಾಕಿ ಬೆಳೆಸಿದವಳು. ಗಾಲಿಕುರ್ಚಿಯೇನೋ ಬಂತು, ಅದರ ಬ್ರೇಕು ಹಾಕುವಷ್ಟು ಬಲ ಚೆನ್ನಾಗಿದ್ದ ಕೈಯಲ್ಲೂ ಇರಲಿಲ್ಲ. ಮನೆ ಮುಂದಿನ ಇಳಿಜಾರಿನಲ್ಲಿ ಕುರ್ಚಿ ತನ್ನಷ್ಟಕ್ಕೇ ಹೊರಟು ಗೋಡೆಗೆ ಗುದ್ದಿದ ಮೇಲೆ ಅಕ್ಕ ಹೊಸಿಲು ದಾಟುವುದನ್ನೇ ಬಿಟ್ಟಳು.

ಒಂದು ಬೆರಳಿಗೆ ಮಣಿಯುವ ಬ್ರೇಕು ಮಾಡಿಯೇ ತೀರುತ್ತೇನೆಂದು ಮಾಮ ಹಟ ಹಿಡಿದ. ಹಗುರ ಮಾಡಿದರೆ ಗಾಲಿ ಜಾರಿತು, ಬಿಗಿ ಮಾಡಿದರೆ ಅಕ್ಕನ ಬೆರಳು ಸೋತಿತು. ಹಳೆಯ ರೂಢಿಯಂತೆ ಕೆಟ್ಟ ಬ್ರೇಕನ್ನು ಶೆಡ್ಡಿನ ಮೆಟ್ಟಿಲ ಮೇಲಿಟ್ಟು ಮನೆಗೆ ಹೋದ. ಬೆಳಿಗ್ಗೆ ಅದು ಇರಲಿಲ್ಲ. ಯಾವುದೋ ದೊಡ್ಡ ಕಾರ್ಖಾನೆಯವರು ಒಯ್ದು ಪರಿಶೀಲಿಸುತ್ತಿದ್ದಾರೆಂದು ಮಾಮ ಹಿಗ್ಗಿದ. ಇನ್ನೊಂದಿಟ್ಟ, ಮತ್ತೊಂದಿಟ್ಟ. ಎಲ್ಲವೂ ಮಾಯ. ಉತ್ತರ ಮಾತ್ರ ಇಲ್ಲ.

ಕೊನೆಗೆ ಬಡಾವಣೆಯ ಕಾವಲುಗಾರ ಬಂದು ಸಲಾಂ ಹೊಡೆದ. "ಸಾರ್, ಯಾರೋ ದಿನಾ ನಿಮ್ಮ ಬಾಗಿಲಿಗೆ ಗುಜರಿ ಹಾಕಿ ಹೋಗ್ತಿದಾನೆ. ನಾನೇ ಎತ್ತಿ ಎಸೀತಿದೀನಿ. ನೀವು ಯೋಚ್ನೆ ಮಾಡ್ಬೇಡಿ, ಆ ಕತ್ತೇನ ಹಿಡಿದೇ ಹಿಡೀತೀನಿ."

ನಿರ್ದೇಶಕರು ಉಳಿದಿದ್ದ ಒಂದು ಬ್ರೇಕನ್ನು ಎತ್ತಿಕೊಂಡು ಸೀದಾ ಓಣಿಗೆ ಬಂದು, ಹಳೆಯ ವೈರಿ ಪೆಡಲ್‌ನವನ ಮೆಟ್ಟಿಲ ಮೇಲಿಟ್ಟು, ಮುಖ ತಿರುಗಿಸಿ ನಿಂತರು.

"ಏನಪ್ಪಾ ಇದು, ಆನೆಗೆ ಮಾಡಿದ್ದಾ?" ಎಂದ ಪೆಡಲ್‌ನವನು.

"ಅಕ್ಕನಿಗೆ."

ನಗು ಅಲ್ಲಿಗೇ ನಿಂತಿತು. ಆ ಅಕ್ಕನ ಕೈಯಲ್ಲಿ ಬೈಸಿಕೊಳ್ಳದವರು ಓಣಿಯಲ್ಲಿ ಯಾರಿದ್ದಾರೆ? ಸ್ಪ್ರಿಂಗ್ ಸುತ್ತುವ ಅತ್ತಿಗೆ ಅದನ್ನು ಕಿತ್ತುಕೊಂಡು ನೋಡಿದಳು. "ಅಯ್ಯೋ ನಿನ್ನ ತಲೆ! ಬ್ರೇಕನ್ನ ಬೆರಳು ಯಾಕೆ ಹಿಡೀಬೇಕು? ಸ್ಪ್ರಿಂಗೇ ಹಿಡ್ಕೊಂಡಿರ್ಲಿ. ಹೊರಡೋವಾಗ ಬೆರಳಲ್ಲಿ ಬಿಡಿಸ್ಲಿ."

"ಹಿಡಿಕೆ ಉದ್ದ ಮಾಡು, ಬಿಡಿಸೋದು ಹಗುರ ಆಗತ್ತೆ," ಎಂದ ಪೆಡಲ್‌ನವನು. ರಬ್ಬರಿನವನು ಕೇಳದೆಯೇ ಮೆತ್ತನೆಯ ತುಂಡು ತಂದ. ಸಂಜೆಯೊಳಗೆ ಬ್ರೇಕು ಮುಗಿಯಿತು. ಉಪಾಯ ಯಾರದೆಂಬ ಜಗಳ ಇನ್ನೂ ಮುಗಿದಿಲ್ಲ. ಮಾಮನ ಲೇತ್ ಯಂತ್ರ ಓಣಿಗೆ ವಾಪಸಾದದ್ದು ಆಮೇಲಿನ ಮಾತು.

ಮರುದಿನ ಅಕ್ಕನ ಕುರ್ಚಿಯನ್ನು ಇಳಿಜಾರಿಗೆ ತಂದರು. ಕೆಳಗೆ ಓಣಿಯವರೆಲ್ಲ ಕೈಚಾಚಿ ನಿಂತಿದ್ದರು. ತಮ್ಮ ಕೆಲಸದ ಮೇಲೆ ಅಷ್ಟು ನಂಬಿಕೆ. ಅಕ್ಕ ಬೆರಳೊತ್ತಿದಳು, ಕುರ್ಚಿ ಹೊರಟಿತು. ಬಿಟ್ಟಳು, ನಿಂತಿತು. ಮಾಮ ಪೆಡಲ್‌ನವನ ಕೈ ಬಿಗಿಯಾಗಿ ಹಿಡಿದುಕೊಂಡ, ಬಿಡಲೇ ಇಲ್ಲ.

"ಸಾಕು ಬಿಡೋ, ನಿನ್ನ ಕೈಗೂ ಸ್ಪ್ರಿಂಗ್ ಹಾಕಿದಾರಾ?" ಎಂದ ಅವನು, ತನ್ನ ಕಣ್ಣೊರೆಸಿಕೊಳ್ಳುತ್ತ.

"ಅಳೋರೆಲ್ಲ ಆಚೆ ನಿಂತು ಅಳ್ರೋ," ಎಂದಳು ಅಕ್ಕ. "ದಾರಿ ಬಿಡಿ, ನಾನು ಪೇಟೆಗೆ ಹೋಗ್ಬೇಕು."