ಬದನೆಕಾಯಿಯ ಕೆಂಪು ದಾಯಾದಿ

ನಮ್ಮಜ್ಜಿ ಗೌರಾಬಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಎಂದು ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ. ಆ ಸಿಟ್ಟಿಲ್ಲದಿದ್ದರೆ ಇದನ್ನು ಹೇಳಲು ನಾನೇ ಇರುತ್ತಿರಲಿಲ್ಲ.

ಗದಗಿನ ಕಡೆಯವಳು. ಗಂಡ ಪುಣೆಯ ದಲ್ಲಾಳಿಯೊಬ್ಬನ ಅಡತಿ ಅಂಗಡಿಯಲ್ಲಿ ಕಾರಕೂನ. ಅವನು ಪ್ಲೇಗಿಗೆ ತುತ್ತಾದಾಗ, ಊರಿಗೆ ಬಂದು ಮೂಲೆ ಹಿಡಿದು ಕೂತಿರು ಎಂದರು ಮೈದುನರು. ಇವಳು ಹೋಗಲಿಲ್ಲ. ಕಂಕುಳ ಕೂಸನ್ನು ಕಟ್ಟಿಕೊಂಡು ಶುಕ್ರವಾರ ಪೇಠೆಯ, ಹತ್ತಾರು ಬಿಡಾರಗಳಿದ್ದ ಒಂದು ವಾಡೆಯಲ್ಲಿ ಒಲೆ ಹೂಡಿ, ನಮ್ಮ ಕಡೆಯ ಕಾರಕೂನರಿಗೆ ಖಾನಾವಳಿ ತೆರೆದಳು. ಅವಳ ಬದನೆಕಾಯಿ ಎಣ್ಣೆಗಾಯಿಗೆ ಜನ ಬಾಯಿ ಬಾಯಿ ಬಿಡುತ್ತಿದ್ದರು.

1936ರ ಶ್ರಾವಣದಲ್ಲಿ ಆ ಕೂಸು, ಅಂದರೆ ನಮ್ಮವ್ವ ರಂಗೂಬಾಯಿ, ಬಸಿರಾಗಿ ತವರಿಗೆ ಬಂದಳು. ಹೊಟ್ಟೆಯಲ್ಲಿದ್ದದ್ದು ನಾನು. ತಿಂದದ್ದೆಲ್ಲ ವಾಂತಿ. ತಿಂಗಳುಗಟ್ಟಲೆ ಬರೀ ಗಂಜಿ ಕುಡಿದವಳ ಒಸಡು ಊದಿ ರಕ್ತ ಸೋರತೊಡಗಿತು. ನಿಂಬೆರಸ ತಾಗಿಸಿದರೆ ಉರಿ ತಾಳದೆ ಕಿರುಚುತ್ತಿದ್ದಳು.

ಪೇಠೆಯ ಹೆಣ್ಣು ಡಾಕ್ಟರು, ಎಲ್ಲರ ಬಾಯಲ್ಲಿ ‘ಡಾಕ್ಟರ್ ಬಾಯಿ’, ಬಂದು ನೋಡಿ, ಹಸಿ ಟೊಮೆಟೊ ತಿನ್ನಿಸಿ ಎಂದರು. ಅಜ್ಜಿಗೆ ರೇಗಿತು.

"ಯಾಕ್ರಿ, ನಮ್ಮ ಬದನಿಕಾಯಿಗೆ ಏನ್ ಧಾಡಿ ಆಗೇದ?"

ಡಾಕ್ಟರ್ ಬಾಯಿ ನಕ್ಕರಂತೆ. ಎರಡೂ ಒಂದೇ ಕುಲದವು, ಬದನೆಕಾಯಿ ಹೊಟ್ಟೆ ತುಂಬಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಸಡಿಗೆ ಬೇಕಾದ ಜೀವಸತ್ವ ಅದರಲ್ಲಿರುವುದೇ ಅಷ್ಟಕ್ಕಷ್ಟೆ; ಸುಟ್ಟು ಬೇಯಿಸಿದರೆ ಅದೂ ಹಾಳು. ಟೊಮೆಟೊದಲ್ಲಿ ಎಷ್ಟೋ ಪಟ್ಟು ಹೆಚ್ಚು, ಹಸಿಯಾಗಿಯೇ ತಿನ್ನಬಹುದು. ತಡ ಮಾಡಿದರೆ ಹೆರಿಗೆಯಲ್ಲಿ ತಾಯಿ ಉಳಿಯುವುದು ಕಷ್ಟ ಎಂದೂ ಹೇಳಿ ಹೋದರು.

ಅಜ್ಜಿ ಮಳೆಯಲ್ಲೇ ಬಿಳಿಯರ ದಂಡಿದ್ದ ಕ್ಯಾಂಪಿನ ಬಜಾರಿಗೆ ನಡೆದು, ಸಾಹೇಬರ ಅಡುಗೆಯವರ ನಡುವೆ ನಿಂತು ಚೌಕಾಸಿ ಮಾಡಿ ಒಂದು ಬುಟ್ಟಿ ಟೊಮೆಟೊ ತಂದಳು.

ಊಟದ ಪಂಕ್ತಿಗೆ ಹಿರಿಯರು ಬಿಂದುಮಾಧವರಾಯರು, ಕೋರ್ಟಿನ ಕಾರಕೂನರು. ಬುಟ್ಟಿ ನೋಡಿ ಕಲಸಿದ ಅನ್ನ ಕೈಯಲ್ಲೇ ಉಳಿಯಿತು.

"ಏನ್ರಿ ಗೌರಾಬಾಯಾರ ಇದು, ರಕ್ತದ ಬಣ್ಣದ್ದು?"

"ಟೊಮೆಟೊ ರೀ. ಮಗಳಿಗೆ ಔಷಧ. ಬದನಿಕಾಯಿ ಕುಲದ್ದಂತ."

ಅಷ್ಟು ಹೇಳಿದ್ದೇ ತಪ್ಪಾಯಿತು ನೋಡಿ! ಚಾತುರ್ಮಾಸದಲ್ಲಿ ಬದನೆಕಾಯಿ ಹೊಸ್ತಿಲು ದಾಟುವಂತಿಲ್ಲ. ಮಾರ್ಗಶಿರದ ಚಂಪಾಷಷ್ಠಿಯ ದಿನ ಜೇಜುರಿಯ ಖಂಡೋಬನಿಗೆ, ಅಂದರೆ ನಮ್ಮ ಮೈಲಾರನಿಗೆ, ಸುಟ್ಟ ಬದನೆಕಾಯಿ ನೈವೇದ್ಯವಾದ ಮೇಲೆಯೇ ಅದನ್ನು ಉಣ್ಣುವುದು. ಪುಣೆಯ ಈ ಪದ್ಧತಿ ನಮ್ಮವರಿಗೂ ಅಂಟಿತ್ತು; ಡಾಕ್ಟರ್ ಬಾಯಿಯ ಮೇಲೆ ರೇಗುವಾಗ ಅಜ್ಜಿಗೆ ಅದರ ನೆನಪೇ ಇರಲಿಲ್ಲ.

"ಕುಲ ಒಂದ ಅಂದ್ರ ನಿಷೇಧನೂ ಒಂದ," ಎಂದರು ರಾಯರು. "ಚಂಪಾಷಷ್ಠಿ ತನಕಾ ತಡೀರಿ. ಇಲ್ಲಾಂದ್ರ ನಾವು ಈ ಮನ್ಯಾಗ ನೀರೂ ಮುಟ್ಟೂದಿಲ್ಲ."

"ಅಷ್ಟರಾಗ ನನ್ನ ಮಗಳ ತಿಥಿ ಊಟಾ ಉಣ್ಣವ್ರೇನ್ರಿ ನೀವು?"

ರಾಯರು ಎದ್ದರು. ಅವರ ಹಿಂದೆ ಪಂಕ್ತಿಗೆ ಪಂಕ್ತಿಯೇ ಎದ್ದಿತು. ಎಂಥ ಶೂರರು! ಒಬ್ಬನಾದರೂ ಕೂತನೇ?

ಒಳಗಿನಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು. "ಅವ್ವಾ, ಬ್ಯಾಡ. ಇವರೆಲ್ಲಾ ಹೋದ್ರ ನಾವು ಉಣ್ಣೂದೇನು? ಖಂಡೋಬನ ಸಿಟ್ಟು ಕೂಸಿಗೆ ತಟ್ಟಿದ್ರ?"

ಅಜ್ಜಿ ರಾಯರ ಎಂಜಲೆಲೆ ಎಳೆದು ಬಿಸಾಡಿದಳು. ಅವರ ಮಣೆಯ ಮೇಲೇ ಮಗಳನ್ನು ಕೂರಿಸಿ, ಟೊಮೆಟೊ ಹೆಚ್ಚಿ ಸಕ್ಕರೆ ಉದುರಿಸಿ ಮುಂದಿಟ್ಟಳು.

"ತಟ್ಟೂದಿದ್ರ ನನಗ ತಟ್ಟಲಿ. ಜೇಜುರಿ ಏನ್ ಭಾಳ ದೂರ ಇಲ್ಲ. ನಾನ ಹೋಗಿ ಕೇಳತೇನಿ, ನಿನಗ ಬದನಿಕಾಯಿ ದೊಡ್ಡದೋ ನನ್ನ ಮಗಳು ದೊಡ್ಡಾಕಿನೋ ಅಂತ. ಬೀದ್ಯಾಗ ಕೂತು ರೊಟ್ಟಿ ಮಾರೇನು. ನೀ ಬಾಯಿ ತಗಿ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವರೆಲ್ಲ ನಿಂತು ನೋಡಿದರು. ಅವ್ವ ಒಂದು ಹೋಳು ಬಾಯಿಗಿಟ್ಟಳು. ಉರಿಗೆ ಕಣ್ಣಲ್ಲಿ ನೀರು ಬಂತು, ನುಂಗಿದಳು. ಆಮೇಲೆ ತಲೆ ಎತ್ತಿ ರಾಯರನ್ನೇ ನೋಡುತ್ತ ಮತ್ತೊಂದಕ್ಕೆ ಕೈ ಚಾಚಿದಳು.