ಫಾರ್ಮ್ಯಾಟ್ ಮಾಡುವ ಮುನ್ನ ಮಾಮಾನನ್ನು ಕೇಳಿ

ಕಳೆದ ಭಾನುವಾರ ಬೆಳಿಗ್ಗೆ ನೀವು ಇಳಕಲ್ಲಿನ ಬಜಾರಿನಲ್ಲಿದ್ದರೆ ನನ್ನನ್ನು ಖಂಡಿತ ನೋಡಿರುತ್ತೀರಿ. ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ಹೆಂಡತಿಯದು. ಸೀರೆ ಅಂಗಡಿಗಳ ಮುಂದೆ, ಕಲ್ಲು ಹೇರಿಕೊಂಡ ಲಾರಿಯ ಪಕ್ಕದಲ್ಲಿ, ಏದುಸಿರು ಬಿಡುತ್ತಾ ಓಡುತ್ತಿದ್ದ ಆ ಕಾಲೇಜು ಮಾಸ್ತರ ನಾನೇ.

"ಏನ್ರಿ ಸರ, ಬಸ್ ತಪ್ಪಿತೇನು?" ಎಂದು ಯಾರೋ ಕೂಗಿದರು.

ಬಸ್ಸಾಗಿದ್ದರೆ ಇನ್ನೊಂದು ಬರುತ್ತಿತ್ತು!

ಆಗಿದ್ದಿಷ್ಟು. ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಮೂರು ತಿಂಗಳು. ಅದರಲ್ಲೂ ವೈರ್‌ಲೆಸ್ ಮೋಡೆಮ್. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕೂತು ಇ-ಮೇಲ್ ನೋಡುವ ಗತ್ತೇ ಗತ್ತು. (ಓಣಿಯವರು ನೋಡಲಿ ಎಂದೇ ಅಂಗಳ. ಸುಳ್ಳೇಕೆ ಹೇಳಲಿ?) ಹೋದ ವಾರ ಆ ಗತ್ತು ಇಳಿಯಿತು. ವೈರ್‌ಲೆಸ್ ಬಂದ್. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ನೆಟ್‌ವರ್ಕೇ ಕಾಣಿಸದು.

ರಿಪೇರಿ ಅಂಗಡಿಯವರು ಲ್ಯಾಪ್‌ಟಾಪನ್ನು ಎರಡು ನಿಮಿಷ ನೋಡಿ ತೀರ್ಪು ಕೊಟ್ಟರು. "ಸಾಫ್ಟ್‌ವೇರ್ ಹೋಗೇತ್ರಿ ಸರ. ಫಾರ್ಮ್ಯಾಟ್ ಹೊಡದ್ರ ಹೊಸಾದ್ರಂಗ ಆಕ್ಕೈತಿ."

"ಹೊಡೀರಿ" ಎಂದು ಬಿಟ್ಟು ಬಂದೆ. ಹಾಗನ್ನುವಾಗ ನನ್ನ ತಲೆ ಎಲ್ಲಿತ್ತೋ!

ಮನೆಗೆ ಬಂದರೆ ಅವ್ವ ಶೇಂಗಾ ಸುಲಿಯುತ್ತಾ ಕೂತಿದ್ದಳು. ಜೊತೆಗೆ ಹುನಗುಂದದಿಂದ ಬಂದಿದ್ದ ಅವಳ ತಮ್ಮ, ನಮ್ಮ ಬಸಪ್ಪ ಮಾಮಾ. ಮೂವತ್ತು ವರ್ಷ ಟೆಲಿಫೋನ್ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು. ಫಾರ್ಮ್ಯಾಟ್ ಅಂದರೇನು ಎಂದು ಅವ್ವ ಕೇಳಿದಳು. ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು ಎಂದೆ.

"ಎಲ್ಲಾ ಅಂದ್ರ? ನನ್ನ ಹಾಡೂ?"

ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಹೊರಗೆ ಹಾರಿದೆ.

ಎರಡು ವರ್ಷದ ಹಿಂದೆ ಅವ್ವನನ್ನು ಕೂರಿಸಿ ಅವಳ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ಆ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿದ್ದೆ. ಸಿಡಿಗೆ ಹಾಕಬೇಕು, ಬಾದಾಮಿಯಲ್ಲಿರುವ ತಂಗಿಗೂ ಒಂದು ಕೊಡಬೇಕು ಎಂದು ಅಂದುಕೊಳ್ಳುತ್ತಲೇ ಉಳಿದೆ. ಮತ್ತೆ ಹಾಡಿಸಿದರಾಯಿತಲ್ಲ ಎನ್ನುತ್ತೀರಾ? ಈ ನಡುವೆ ಅವ್ವನ ಹಲ್ಲು ಹೋಗಿ ಕಟ್ಟಿಸಿದ ಹಲ್ಲು ಬಂದಿವೆ. ಈಗ ಹಾಡಿದರೆ ಪ್ರತಿ 'ಸ'ಕಾರಕ್ಕೂ ಒಂದು ಸೀಟಿ! (ಇದನ್ನು ಅವಳೇ ಎಲ್ಲರಿಗೂ ಹೇಳಿ ನಗುತ್ತಾಳೆ.)

ಅದಕ್ಕೇ ಆ ಓಟ.

ಅಂಗಡಿ ತಲುಪಿದಾಗ ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿತ್ತು. ಅಂಗಡಿಯವರು ಫಾರ್ಮ್ಯಾಟ್ ಮಾಡುವ ಸಿಡಿಯನ್ನು ಇನ್ನೇನು ತೂರಿಸಲು ಬಗ್ಗಿದ್ದರು. "ತಡೀರಿ!" ಎಂದು ನಾನು ಕೂಗಿದ ರಭಸಕ್ಕೆ ಆ ಸಿಡಿ ಕೆಳಗೆ ಬಿತ್ತು.

"ಯಾಕ್ರಿ ಸರ?"

"ನಮ್ಮವ್ವ ಅದಾಳ್ರಿ ಅದರಾಗ!"

ಪುಣ್ಯಾತ್ಮರು, ಲ್ಯಾಪ್‌ಟಾಪ್ ಮುಚ್ಚಿ ಕೈಗಿತ್ತರು.

ಮನೆಯಲ್ಲಿ ಮಾಮಾ ಕೈ ಚಾಚಿದ. "ತಾ ಇಲ್ಲಿ ಅಳಿಯಾ. ನಾ ನೋಡ್ತೇನಿ."

"ಮಾಮಾ, ಇದು ಟೆಲಿಫೋನ್ ಅಲ್ಲ."

"ಏನರ ಇರಲಿ. ಎಲ್ಲಿ ತನಕ ಚೊಲೋ ಐತಿ ಅಂತ ಮೊದ್ಲ ನೋಡಬೇಕು. ಕಂಬ ಕೀಳೂದು ಆಮ್ಯಾಲೆ."

ಫೋನೆತ್ತಿ ಕಿವಿಗಿಟ್ಟುಕೊಂಡ. ಡಯಲ್ ಟೋನ್ ಇತ್ತು. ಮೋಡೆಮ್‌ನ ದೀಪಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಉರಿಯುತ್ತಿದ್ದವು. ಮೋಡೆಮ್ ಜೊತೆ ಬಂದಿದ್ದ ವೈರನ್ನು ಹುಡುಕಿಸಿ ಲ್ಯಾಪ್‌ಟಾಪಿಗೆ ಚುಚ್ಚಿಸಿದ. ಇಂಟರ್ನೆಟ್ ಪಟ್ಟನೆ ಬಂತು!

"ಅಂದ್ರ ಲೈನ್ ಚೊಲೋ, ಡಬ್ಬಿನೂ ಚೊಲೋ. ಫಾಲ್ಟ್ ಇದರಾಗ ಐತಿ."

ಕನ್ನಡಕ ಏರಿಸಿ ಲ್ಯಾಪ್‌ಟಾಪನ್ನೇ ದಿಟ್ಟಿಸಿದ. ಅದರ ಅಂಚಿನಲ್ಲಿ ಪುಟ್ಟ ದೀಪಗಳ ಸಾಲಿದೆ. "ಈ ಕಂಬದ ಚಿತ್ರದ್ದೊಂದು ಯಾಕ ಹತ್ತಿಲ್ಲ?" ಎಂದ. ಇಷ್ಟು ದಿನ ಬಳಸಿದರೂ ಆ ದೀಪ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮಾಮಾನ ಒರಟು ಬೆರಳು ಅಂಚನ್ನು ಸವರುತ್ತಾ ಹೋಗಿ ಒಂದು ಕಡೆ ನಿಂತಿತು. ಅಕ್ಕಿಕಾಳಿನಷ್ಟು ಸ್ವಿಚ್, ವೈರ್‌ಲೆಸ್ ಆನ್-ಆಫ್ ಮಾಡುವಂಥದ್ದು. ಉಗುರಿನಿಂದ ಸರಿಸಿದ.

ದೀಪ ಹತ್ತಿತು. ವೈರ್ ಕಿತ್ತೆ. ನೆಟ್ ಹೋಗಲಿಲ್ಲ! ಐವತ್ತರ ಹತ್ತಿರ ಬಂದ ನಾನು ಪಡಸಾಲೆಯಲ್ಲಿ ಕುಣಿದೇ ಬಿಟ್ಟೆ. ಮಾಮಾ ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ಶೇಂಗಾ ಬಾಯಿಗೆ ಹಾಕಿಕೊಂಡ.

ಆದರೆ ಆ ಸ್ವಿಚ್ ಸರಿಸಿದವರು ಯಾರು?

"ಸೋಮಾರ ನಾ ಧೂಳ ಒರಸೀನಿ" ಎಂದಳು ಅವ್ವ, ತಣ್ಣಗೆ. "ಅಲ್ಲೇನೋ ಕಟಕ್ ಅಂತು. ಅದೇನ?"

ನಕ್ಕು ನಕ್ಕು ಮೂವರ ಕಣ್ಣಲ್ಲೂ ನೀರು. ಆ ಖುಷಿಯಲ್ಲೇ ಅವ್ವನ ಒಂದು ಸೋಬಾನೆಯನ್ನು ತಂಗಿಗೆ ಮೇಲ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅವಳ ಫೋನ್. ಹಿನ್ನೆಲೆಯಲ್ಲಿ ಅವ್ವನ ಹಾಡು ಗಟ್ಟಿಯಾಗಿ ಕೇಳುತ್ತಿತ್ತು. ಫೋನನ್ನು ಅವ್ವನ ಕಿವಿಗೆ ಹಿಡಿದೆ. ತನ್ನದೇ ದನಿ ಕೇಳಿ ಅವಳ ಮುಖವೆಲ್ಲ ಅರಳಿತು. ಆಮೇಲೆ ನನ್ನತ್ತ ತಿರುಗಿದಳು.

"ಹಾಡು ಐದ್ ನಿಮಿಷದಾಗ ಬಾದಾಮಿ ಮುಟ್ತು. ತಂಗಿ ಮನಿಗೆ ಹೋಗಾಕ ನಿನಗ್ಯಾಕೋ ವರ್ಷ ಬೇಕು?"