ಮಳೆಯಿಲ್ಲದೆ ಕೆಂಪಾದ ಕಾಲುವೆ

ನಮ್ಮೂರಿನಲ್ಲಿ ಪಾಪಮ್ಮನ ಬಾಯಿಗೆ ಹೆದರದವರಿಲ್ಲ. ದೊಡ್ಡಬಳ್ಳಾಪುರದ ಬಸ್ಸಿನ ಕಂಡಕ್ಟರ್ ಕೂಡ ಅವಳು ಬರುವವರೆಗೆ ಬಸ್ಸು ನಿಲ್ಲಿಸಿಕೊಂಡಿರುತ್ತಾನೆ. ಗಂಡ ಸತ್ತ ಮೇಲೆ ಹಾಲು ಮಾರಿ ಒಬ್ಬನೇ ಮಗ ಅಂಬರೀಶನನ್ನು ಬೆಳೆಸಿದ ಹೆಂಗಸು. ಅತ್ತೆಯಿಂದ ಅವಳಿಗೆ ಬಂದದ್ದು ಕೆರೆಯ ಗಂಗಮ್ಮನ ಪೂಜೆಯೊಂದೇ.

ಮುಂಗಾರಿನ ಮೊದಲ ಮಳೆಗೆ ಕಾಲುವೆಯಲ್ಲಿ ಕೆಮ್ಮಣ್ಣಿನ ನೀರು ಇಳಿದು ಕೆರೆ ಸೇರುತ್ತದೆ. ಆಗ ಗಂಗಮ್ಮ ದೊಡ್ಡವಳಾದಳು ಅನ್ನುತ್ತೇವೆ. ಮೂರು ದಿನ ಯಾರೂ ನೀರು ಮುಟ್ಟುವಂತಿಲ್ಲ. ನಾಲ್ಕನೆಯ ದಿನ ಪಾಪಮ್ಮ ಎಣ್ಣೆ, ಅರಿಶಿನ ಬಿಟ್ಟು "ತಾಯಿ ಮಿಂದ್ಲು" ಎಂದು ಕೂಗಬೇಕು. ಆಮೇಲೆ ಆ ವರ್ಷ ಮೈನೆರೆದ ಹುಡುಗಿಯರು ಕೆರೆಗಿಳಿದು ಮುಳುಗಿ, ಒಂದು ಬೊಗಸೆ ನೀರು ಕುಡಿಯಬೇಕು. ಈ ಸಲ ಅವರಲ್ಲಿ ನನ್ನ ಮಗಳು ಸಿಂಚನಳೂ ಇದ್ದಳು.

ಆದರೆ ಮಳೆಯೇ ಬಂದಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾಲುವೆ ತಾನಾಗಿಯೇ ಕೆಂಪಗೆ ಹರಿಯುತ್ತಿತ್ತು. ಊರೆಲ್ಲ ಪವಾಡವೆಂದು ಕೈಮುಗಿಯಿತು. ನಾನೂ ಮುಗಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವತ್ತಿನಿಂದ ಕಪ್ಪೆಗಳ ಸದ್ದಡಗಿತು. ನಾಯಿಗಳು ಕೆರೆಯ ಏರಿ ಇಳಿದು ನೀರಿಗೆ ಬರಲಿಲ್ಲ. ಕೊಕ್ಕರೆಗಳು ಹುಣಸೆ ಮರದಲ್ಲಿ ಕೂತು ನೀರಿನತ್ತ ನೋಡುತ್ತಲೇ ಇದ್ದವು, ಒಂದೂ ಕೆಳಗಿಳಿಯಲಿಲ್ಲ. ಮಣ್ಣಿನ ನೀರಾದರೆ ಎರಡು ದಿನಕ್ಕೆ ತಿಳಿಯಾಗುತ್ತದೆ. ಈ ಕೆಂಪು ತಳಕ್ಕಿಳಿಯಲೇ ಇಲ್ಲ.

ನಾಲ್ಕನೆಯ ಬೆಳಿಗ್ಗೆ ಅರಿಶಿನ ಮೆತ್ತಿಕೊಂಡ ಹುಡುಗಿಯರು ಸಾಲಾಗಿ ನಿಂತರು. ಗಾಳಿಯೇ ಇರಲಿಲ್ಲ. ಪಾಪಮ್ಮ ಬಗ್ಗಿ ನೀರಿಗೆ ಕೈ ಹಾಕಿದಳು, ಹೊರಗೆ ತೆಗೆದಳು, ಸೆರಗಿಗೆ ಉಜ್ಜಿದಳು. ಮೊಣಕೈವರೆಗೆ ಅಂಟಿದ ಕೆಂಪು ಹೋಗಲಿಲ್ಲ. ಅವಳು ಕೂಗಲಿಲ್ಲ. ಅವಳ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೊತ್ತಾಯ್ತು, ಕೂಗವ್ವ," ಅಂದರು ಊರಿನ ಹಿರಿಯ ಸೊಣ್ಣಪ್ಪ.

"ಕೂಗಲ್ಲ. ಇದು ತಾಯಿ ಅಲ್ಲ. ಎಲ್ಲಿಂದ ಬರ್ತೈತೋ ನೋಡಾನ, ಎಲ್ರೂ ನಡೀರಿ."

ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ಹೋದಷ್ಟೂ ಕೆಂಪು ಗಟ್ಟಿಯಾಗುತ್ತಿತ್ತು. ದಡದಲ್ಲಿ ಏಡಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಹುಡುಗಿಯರ ಕಾಲ್ಗೆಜ್ಜೆ ಮಾತ್ರ ಕೇಳುತ್ತಿತ್ತು. ತಿರುವಿನಲ್ಲಿ ನೀರಿನ ಮೇಲೆ ಹಬೆ ಏಳುತ್ತಿತ್ತು. ಅಲ್ಲಿ ಹೊಂಗೆ ಸೊಪ್ಪು ಮುಚ್ಚಿದ ಒಂದು ಪೈಪು, ಅದರ ಬಾಯಿಂದ ಬಿಸಿ ಕೆಂಪು ನೀರು. ಮೇಲೆ ನೂಲಿಗೆ ಬಣ್ಣ ಹಾಕುವ ಶೆಡ್ಡು. ಅಂಬರೀಶನದು. ಕೊಳಕು ನೀರನ್ನು ಟ್ಯಾಂಕರಿನವರು ಒಯ್ಯುತ್ತಾರೆಂದು ಅವನು ತಾಯಿಗೆ ಹೇಳಿದ್ದ, ಅವಳು ಊರಿಗೆಲ್ಲ ಹೇಳಿದ್ದಳು.

ಅಂಬರೀಶ ಹೊರಗೆ ಬಂದು, ಜನರನ್ನು ಕಂಡು ಅಲ್ಲೇ ನಿಂತ. ಸೊಣ್ಣಪ್ಪ ತಲೆ ತಗ್ಗಿಸಿ ನಮಗೆ ಅಂದರು:

"ನಡೀರಪ್ಪಾ, ಮನೆ ವಿಷ್ಯ. ಆಮೇಲೆ ಕೂತು ಮಾತಾಡಾನ."

ಜನ ತಿರುಗಿದರು. ಪಾಪಮ್ಮನ ಮುಖ ನೋಡಲಾರದೆ ನಾನೂ ಮಗಳ ಕೈ ಹಿಡಿದು ತಿರುಗಿದೆ.

"ಎಲ್ಲಿಗ್ರೋ ಹೋಗ್ತೀರ?" ಎಂದು ಪಾಪಮ್ಮ ಕೂಗಿದಳು. "ನನ್ ಮಗ ಅಂತ ಇವತ್ತು ಬಿಟ್ಟೋದ್ರೆ, ನಾಳೆ ನಿಮ್ ಹೆಣ್ಮಕ್ಳು ಇದನ್ನೇ ಕುಡೀಬೇಕು!"

"ಅವ್ವಾ, ಜನದ್ ಮುಂದೆ ಬ್ಯಾಡ," ಅಂದ ಅಂಬರೀಶ.

ಅವಳು ಅವನತ್ತ ನೋಡಲೇ ಇಲ್ಲ. ಕಾಲುವೆಗಿಳಿದು ಕುಕ್ಕರಗಾಲಲ್ಲಿ ಕೂತು, ಬೊಗಸೆಯಲ್ಲಿ ಮಣ್ಣು ತೆಗೆದು ಪೈಪಿನ ಬಾಯಿಗೆ ತುರುಕಿದಳು. ನೀರು ಮಣ್ಣನ್ನು ಉಗುಳಿ ಅವಳ ಮುಖಕ್ಕೆ ಚಿಮ್ಮಿತು. ಮತ್ತೆ ತುರುಕಿದಳು. ಮತ್ತೆ ಚಿಮ್ಮಿತು. ನಾವು ಅಷ್ಟು ಜನ ನಿಂತು ನೋಡುತ್ತಿದ್ದೆವು, ಥೂ, ನಮ್ಮ ಜನ್ಮಕ್ಕೆ!

"ಒಬ್ಳ ಕೈಲಿ ಆಗಕಿಲ್ಲ ಕಣೋ ಅಂಬರೀಶ, ಬಂದು ಹಿಡ್ಕೋ," ಅಂದಳು. ಬೈಗುಳವಲ್ಲ, ಹೊರೆ ಎತ್ತಲು ಕರೆಯುವ ದನಿ.

ಅವನು ಬರಲಿಲ್ಲ. ಸೊಣ್ಣಪ್ಪ ಪಂಚೆ ಎತ್ತಿ ಕಟ್ಟಿ ಕಾಲುವೆಗಿಳಿದರು. ಅವರ ಹಿಂದೆ ನಾನೂ ಇಳಿದೆ.